ಮಗುವಿನ ಸಣ್ಣ ಖುಷಿಗಳು: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನ್ನ ಮಗಳಿಗೆ ಎರಡು ವರ್ಷ. ಆಟಿಕೆಗಳನ್ನೆಲ್ಲ ಬಿಟ್ಟು ಒಂದು ಲೋಟದಿಂದ ಇನ್ನೊಂದಕ್ಕೆ ನೀರು ಸುರಿಯುತ್ತಾ ಕೂತುಬಿಡುತ್ತಾಳೆ. ಎಬ್ಬಿಸಿದರೆ ದೊಡ್ಡ ರಂಪ. ಅದರಲ್ಲಿ ಅವಳಿಗೆ ಅಂಥ ಖುಷಿ ಏನು? ಬಿಡಿಸಬೇಕೇ?

ಉತ್ತರ: ಖಂಡಿತ ಬೇಡ. ನಮಗೆ ಒಂದೇ ಕೆಲಸದಂತೆ ಕಾಣುವುದು ಅವಳಿಗೆ ಪ್ರತಿಸಲವೂ ಬೇರೆ. ಪಕ್ಕದಲ್ಲಿ ಕೂತು ಅವಳ ಕೈಯನ್ನೇ ನೋಡಿ. ಒಮ್ಮೆ ಎತ್ತರದಿಂದ ಸುರಿಯುತ್ತಾಳೆ, ಒಮ್ಮೆ ಲೋಟದ ಅಂಚಿಗೆ ತಾಗಿಸಿ. ನೀರು ಅಂಚಿಗೆ ಬಂದಾಗ ಕೈ ನಿಧಾನವಾಗುತ್ತದೆ, ಚೆಲ್ಲಿದ ಕೂಡಲೇ ಕೇಕೆ. ಲೋಟ ತುಂಬುತ್ತಾ ಬಂದಂತೆ ಒಳಗಿನ ಗಾಳಿಗೆ ಜಾಗ ಕಡಿಮೆಯಾಗಿ ನೀರಿನ ಸದ್ದಿನ ಸ್ವರ ಮೇಲೇರುತ್ತದೆ. ಅದೂ ಅವಳ ಕಿವಿಗೆ ಬೀಳುತ್ತಿರುತ್ತದೆ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ತಮ್ಮ ಮೂವರು ಮಕ್ಕಳನ್ನು ಗಮನಿಸುತ್ತಾ ಇದನ್ನು ಬರೆದಿಟ್ಟಿದ್ದರು: ಸುಮಾರು 12ರಿಂದ 18 ತಿಂಗಳ ಹೊತ್ತಿಗೆ ಮಕ್ಕಳು ಒಂದೇ ಕೆಲಸವನ್ನು ಚೂರುಚೂರು ಬದಲಿಸಿ ಮಾಡಿ, ಏನಾಗುತ್ತದೆಂದು ನೋಡಲು ತೊಡಗುತ್ತಾರೆ. ನಿಮ್ಮ ಮಗಳು ಅದನ್ನೇ ಮುಂದುವರಿಸುತ್ತಿದ್ದಾಳೆ.

ಅಗಲವಾದ ಬೇಸಿನ್‌ನಲ್ಲಿ 4–5 ಸೆಂ.ಮೀ. ಉಗುರುಬೆಚ್ಚಗಿನ ನೀರು ಸಾಕು. ಬೇಸಿನ್ ಕೆಳಗೆ ಹಳೆಯ ಟವೆಲ್ ಹಾಸಿ, ಜಾರುವುದಿಲ್ಲ. ಗಾತ್ರ ಬೇರೆಯಿರುವ ಎರಡು ಪ್ಲಾಸ್ಟಿಕ್ ಲೋಟ, ತಳಕ್ಕೆ ನಾಲ್ಕಾರು ತೂತು ಮಾಡಿದ ಒಂದು ಡಬ್ಬಿ ಕೊಡಿ. ಸಾಮಾನು ಹೆಚ್ಚಿದರೆ ಸುರಿಯುವುದು ಹೋಗಿ ಎಸೆಯುವ ಆಟ ಶುರುವಾಗುತ್ತದೆ. ಲೋಟ 100–150 ಮಿ.ಲೀ. ಹಿಡಿಯುವಂತಿರಲಿ. ಒಂದು ಲೀಟರಿನ ಜಗ್ ತುಂಬಿದರೆ ಒಂದು ಕಿಲೋ ಭಾರ. ಪುಟ್ಟ ಮಣಿಕಟ್ಟಿಗೆ ಅದನ್ನು ನಿಧಾನವಾಗಿ ಬಗ್ಗಿಸಲು ಆಗುವುದಿಲ್ಲ, ಎಲ್ಲ ಒಮ್ಮೆಲೇ ಮಗುಚುತ್ತದೆ, ಮಗು ಸಿಟ್ಟಾಗುತ್ತದೆ.

ಒಂದು ಮಾತು ಮಾತ್ರ ಕಟ್ಟುನಿಟ್ಟು. ಇಷ್ಟು ಕಡಿಮೆ ನೀರಿನಲ್ಲೂ ಪುಟ್ಟ ಮಗು ಮುಳುಗಬಹುದು, ಅದೂ ಸದ್ದಿಲ್ಲದೆ. ಕೈಚಾಚಿದರೆ ಸಿಗುವಷ್ಟು ಹತ್ತಿರ ಕೂತಿರಿ. ಬಾಗಿಲಲ್ಲಿ ಯಾರೋ ಬಂದರೆ ಮಗುವನ್ನು ಎತ್ತಿಕೊಂಡೇ ಹೋಗಿ. ಆಟ ಮುಗಿದೊಡನೆ ನೀರು ಚೆಲ್ಲಿ ಬೇಸಿನ್ ಬೋರಲು ಹಾಕಿ.

ರಂಪ ಬರುವುದು ಸಾಮಾನ್ಯವಾಗಿ ಸುರಿಯುತ್ತಿರುವಾಗಲೇ ‘ಸಾಕು, ಏಳು’ ಅನ್ನುವುದರಿಂದ. ‘ಐದು ನಿಮಿಷ’ ಎಂದರೆ ಈ ವಯಸ್ಸಿಗೆ ಏನೂ ತಿಳಿಯದು. ‘ಇನ್ನು ಮೂರು ಲೋಟ’ ಅನ್ನಿ, ಜೊತೆಗೆ ಎಣಿಸಿ, ಮೂರಕ್ಕೇ ನಿಲ್ಲಿಸಿ. ಅತ್ತರೆಂದು ನಾಲ್ಕನೆಯದು ಕೊಟ್ಟರೆ ನಾಳೆ ಆ ಮೂರಕ್ಕೆ ಬೆಲೆಯಿರುವುದಿಲ್ಲ. ಕೊನೆಯ ಕೆಲಸವನ್ನು ಅವಳಿಗೇ ಬಿಡಿ: ಉಳಿದ ನೀರನ್ನು ಗಿಡಕ್ಕೆ ಹಾಕುವುದು. ಆಟದ ನಡುವೆ ‘ಯಾವುದು ದೊಡ್ಡದು ಹೇಳು’ ಎಂದು ಪಾಠ ಮಾತ್ರ ಶುರುಮಾಡಬೇಡಿ. ಅವಳು ತಲೆಯೆತ್ತಿ ನಿಮ್ಮ ಮುಖ ನೋಡಿದಾಗ ‘ಅಬ್ಬಾ, ತುಂಬಿಬಿಡ್ತು!’ ಅಂದರೆ ಆಯಿತು. ಆ ನೋಟಕ್ಕೆ ನೀವು ಸಿಗಬೇಕು, ಅಷ್ಟೇ ಅವಳಿಗೆ ಬೇಕಾದದ್ದು.

ಪ್ರಶ್ನೆ: ಮೂರು ವರ್ಷದ ಮಗನಿಗೆ ಸೋಪಿನ ಗುಳ್ಳೆ ಎಂದರೆ ಪ್ರಾಣ. ಮನೆಯಲ್ಲಿ ಕಲಸಿದ ನೀರಿನ ಗುಳ್ಳೆ ಉಬ್ಬುವ ಮೊದಲೇ ಒಡೆಯುತ್ತದೆ. ಯಾಕೆ?

ಉತ್ತರ: ಗುಳ್ಳೆಯ ಪೊರೆಯಲ್ಲಿರುವ ನೀರು ಆರಿದರೆ ಅದು ಒಡೆಯುತ್ತದೆ. ಆರುವುದನ್ನು ತಡಮಾಡುವುದು ಗ್ಲಿಸರಿನ್. ಆರು ಅಳತೆ ನೀರಿಗೆ ಒಂದು ಅಳತೆ ಪಾತ್ರೆ ತೊಳೆಯುವ ಲಿಕ್ವಿಡ್; ಅಳತೆಯ ಲೋಟ 200 ಮಿ.ಲೀ.ನದಾದರೆ ಎರಡು ದೊಡ್ಡ ಚಮಚ ಗ್ಲಿಸರಿನ್. ಅದಿಲ್ಲದಿದ್ದರೆ ಅಷ್ಟೇ ಸಕ್ಕರೆಯನ್ನು ಬಿಸಿನೀರಿನಲ್ಲಿ ಕರಗಿಸಿ ಹಾಕಿ, ಕೈ ಸ್ವಲ್ಪ ಅಂಟುತ್ತದೆ. ನೊರೆ ಬರದಂತೆ ಮೆಲ್ಲಗೆ ಕಲಸಿ ರಾತ್ರಿಯಿಡೀ ಬಿಡಿ. ಮೇಲೆ ನೊರೆ ನಿಂತಿದ್ದರೆ ತೆಗೆದುಹಾಕಿ, ಉಂಗುರಕ್ಕೆ ಪೊರೆ ಸರಿಯಾಗಿ ಕೂರುವುದಿಲ್ಲ. ಗಡಸು ನೀರಾದರೆ ಕುಡಿಯಲು ಶುದ್ಧೀಕರಿಸಿದ ನೀರು ಬಳಸಿ ನೋಡಿ. ತಂತಿಯ ಉಂಗುರಕ್ಕೆ ಹತ್ತಿಯ ದಾರ ಸುತ್ತಿದರೆ ಹೆಚ್ಚು ನೀರು ಹಿಡಿಯುತ್ತದೆ. ಸುಡುಬಿಸಿಲು, ಜೋರು ಗಾಳಿ ಬೇಡ. ಬೆಳಗಿನ ತಂಪು, ಮಳೆ ನಿಂತ ಮೇಲಿನ ಹೊತ್ತು ಬಲು ಚೆನ್ನ.

ಸ್ಟ್ರಾ ಕೊಡಬೇಡಿ, ಊದುವ ಬದಲು ಹೀರಿಬಿಡುತ್ತಾರೆ. ಅಂಗೈಯನ್ನು ಅದೇ ಸೋಪಿನ ನೀರಿನಲ್ಲಿ ಅದ್ದಿಸಿ ಚಾಚಲು ಹೇಳಿ. ಒದ್ದೆ ಕೈ ಮೇಲೆ ಗುಳ್ಳೆ ಒಡೆಯದೆ ಕೂರುತ್ತದೆ! ಹಾಗೆಂದು ಒಡೆಯುವುದನ್ನು ತಪ್ಪಿಸಲು ಹೋಗಬೇಡಿ, ಅಟ್ಟಿಸಿಕೊಂಡು ಹೋಗಿ ಪಟ್ಟೆಂದು ಒಡೆಯುವುದು ಅವನಿಗೆ ಅರ್ಧ ಖುಷಿ. ಸೋಪು ಬಿದ್ದ ನೆಲ ಮಾತ್ರ ಜಾರುತ್ತದೆ. ಮಣ್ಣು ಅಥವಾ ಹುಲ್ಲಿನ ಮೇಲೆ ಆಡಿಸಿ.

ಪ್ರಶ್ನೆ: ಇಂಥವನ್ನೆಲ್ಲ ಮರೆಯದಂತೆ ಇಟ್ಟುಕೊಳ್ಳುವುದು ಹೇಗೆ?

ಉತ್ತರ: ಆ ರಾತ್ರಿಯೇ ಎರಡು ಸಾಲು ಬರೆಯಿರಿ. ತಾರೀಕು, ವಯಸ್ಸು (‘2 ವರ್ಷ 4 ತಿಂಗಳು’ ಎಂದು), ಮಗು ಹೇಳಿದ ಮಾತು ಹೇಗಿತ್ತೋ ಹಾಗೇ, ತೊದಲನ್ನು ತಿದ್ದದೆ. ‘ತುಂಬ ಖುಷಿಪಟ್ಟಳು’ ಎಂದು ಬರೆದರೆ ಮುಂದೆ ಓದುವಾಗ ಏನೂ ಕಾಣದು. ಯಾವ ಲೋಟ, ನೀರು ಎಲ್ಲಿಗೆ ಚೆಲ್ಲಿತು ಎಂದು ಬರೆಯಿರಿ. ವಿಡಿಯೊ 20–30 ಸೆಕೆಂಡ್ ಸಾಕು. ಫೋನನ್ನು ಮಗುವಿನ ಕಣ್ಣಿನ ಎತ್ತರಕ್ಕೆ ಇಳಿಸಿ ಹಿಡಿಯಿರಿ. ‘ಇಲ್ಲಿ ನೋಡು’ ಎಂದು ಕರೆಯಬೇಡಿ. ಕರೆದ ಕೂಡಲೇ ಆಟ ನಿಂತು, ಕ್ಯಾಮೆರಾಗೆ ತೋರಿಸುವ ನಗುವಷ್ಟೇ ಸಿಗುತ್ತದೆ.