ಪಾಂಗ್ ಮೊದಲನೆಯದಲ್ಲ

'ಜಗತ್ತಿನ ಮೊದಲ ವಿಡಿಯೋ ಗೇಮ್ ಅಟಾರಿಯ ಪಾಂಗ್ ತಾನೇ?' ಎಂದು ಕೇಳಿದ್ದೀರಿ. ಖಂಡಿತ ಅಲ್ಲ. ಅಟಾರಿ ಎಂಬ ಅಮೆರಿಕದ ಕಂಪನಿಯ ಟೇಬಲ್ ಟೆನಿಸ್ ಮಾದರಿಯ ಆಟವಾದ ಪಾಂಗ್ ಬಂದದ್ದು 1972ರಲ್ಲಿ. ಅದಕ್ಕೂ 14 ವರ್ಷ ಮೊದಲೇ, 1958ರ ಅಕ್ಟೋಬರಿನಲ್ಲಿ, ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ವಿಲಿಯಂ ಹಿಗಿನ್‌ಬಾಥಮ್ ಎಂಬ ಭೌತವಿಜ್ಞಾನಿ ನೋಡಬಂದವರಿಗೆಂದು ಟೆನಿಸ್ ಆಟವೊಂದನ್ನು ರೂಪಿಸಿದ್ದರು. ವಿದ್ಯುತ್ ಸಂಕೇತಗಳನ್ನು ಗೆರೆಗಳಾಗಿ ತೋರಿಸುವ ಆಸಿಲೋಸ್ಕೋಪ್ ಎಂಬ ಉಪಕರಣದ ಪುಟ್ಟ ದುಂಡು ಪರದೆ. ನಡುವೆ ನೆಟ್ಟಿನ ಗೆರೆ, ಅದರ ಮೇಲೆ ಹಾರಿ ಪುಟಿಯುವ ಬೆಳಕಿನ ಚುಕ್ಕೆ. ಗುಂಡಿ ಒತ್ತಿದರೆ ಹೊಡೆತ, ತಿರುಪು ತಿರುಗಿಸಿದರೆ ಕೋನ. ಜನ ಸಾಲುಗಟ್ಟಿ ನಿಂತು ಆಡಿದರು!

ನಾಣ್ಯ ಹಾಕಿ ಆಡುವ ಆಟಕ್ಕೆ ದೊಡ್ಡ ಮಾರುಕಟ್ಟೆ ತಂದ ಹಿರಿಮೆ ಪಾಂಗ್‌ಗೇ ಸಲ್ಲಬೇಕು, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಅದರ ಕಲ್ಪನೆಯೂ ಸ್ವಂತದ್ದಲ್ಲ. ಎಂಜಿನಿಯರ್ ರಾಲ್ಫ್ ಬೇರ್ ಅವರ ಆವಿಷ್ಕಾರದಿಂದ ಹುಟ್ಟಿದ, ಮನೆಯ ಟಿವಿಗೆ ಜೋಡಿಸಿ ಆಡುವ ಮ್ಯಾಗ್ನವಾಕ್ಸ್ ಒಡಿಸ್ಸಿ ಎಂಬ ಯಂತ್ರದ ಟೇಬಲ್ ಟೆನಿಸನ್ನು ಅಟಾರಿಯ ಸ್ಥಾಪಕರಲ್ಲೊಬ್ಬರಾದ ನೋಲನ್ ಬುಶ್ನೆಲ್ 1972ರ ಮೇ ತಿಂಗಳಲ್ಲೇ ಪ್ರದರ್ಶನವೊಂದರಲ್ಲಿ ನೋಡಿದ್ದರು. ಅಲ್ಲಿನ ಸಂದರ್ಶಕರ ಪುಸ್ತಕದಲ್ಲಿ ಅವರ ಸಹಿಯೇ ಇದೆ.