ಐದು ಸ್ಲೈಡ್ ಸಾಕಾ, ಎರಡು ಪುಟ ಬರೆಯಬೇಕಾ?

ಪ್ರಶ್ನೆ: ನಾನು ದಾವಣಗೆರೆಯವನು, ಬೆಂಗಳೂರಿನ ಐಟಿ ಕಂಪನಿಯೊಂದರಲ್ಲಿ ಟೀಮ್ ಲೀಡ್. ನಮ್ಮ ಸರ್ವರ್ ನೋಡಿಕೊಳ್ಳುವ ವೆಂಡರ್ ಬದಲಾಗಬೇಕು ಅಂತ ಏಳು ಪುಟದ ವರದಿ ಬರೆದು ಮೇಲ್ ಮಾಡಿದೆ. ಯಾರೂ ಓದಲಿಲ್ಲ. "ಐದು ಸ್ಲೈಡ್ ಮಾಡಪ್ಪಾ, ಸಾಕು" ಅಂದರು ಮ್ಯಾನೇಜರ್. ಮಾಡಿದೆ. ಮೀಟಿಂಗ್‌ನಲ್ಲಿ ಎಲ್ಲರೂ ತಲೆಯಾಡಿಸಿದರು. ಎರಡು ವಾರ ಕಳೆದು ನೋಡಿದರೆ ಒಬ್ಬೊಬ್ಬರು ಒಂದೊಂದು ಥರ ಅರ್ಥ ಮಾಡಿಕೊಂಡಿದ್ದಾರೆ. ಫೈನಾನ್ಸ್‌ನವರಿಗೆ ಖರ್ಚು ಇಳಿಯುತ್ತದೆ ಅನ್ನೋದಷ್ಟೇ ನೆನಪಿದೆ. ಮುಂದಿನ ಸಲ ಏನು ಮಾಡಲಿ? ಎದ್ದು ನಿಂತು ಇಂಗ್ಲಿಷ್‌ನಲ್ಲಿ ಮಾತಾಡೋದು ನನಗೆ ಸ್ವಲ್ಪ ಕಷ್ಟ.

ಉತ್ತರ: ಬರೆಯಬೇಕು ಅಂತ ನಿಮಗೆ ಅನ್ನಿಸಿದ್ದು ಸರಿಯಾಗಿಯೇ ಇತ್ತು. ಒಂದು ತೀರ್ಮಾನ ಆಗಬೇಕು, ಅದರಲ್ಲಿ ಲಾಭವೂ ಇದೆ ತೊಂದರೆಯೂ ಇದೆ ಅಂದಾಗ ಬರಹವೇ ಬೇಕು. ಮೇಲ್ ಕಳಿಸಿದರೆ ಓದಿಕೊಂಡು ಬರುತ್ತಾರೆ ಅಂತ ನಂಬಿದಿರಲ್ಲ, ಕೈಕೊಟ್ಟಿದ್ದು ಅಲ್ಲಿ.

ನಿಮ್ಮ ಸ್ಲೈಡ್ ನಾನು ನೋಡಿಲ್ಲ. ಆದರೆ ಇಂಥವು ಹೆಚ್ಚುಕಡಿಮೆ ಹೀಗಿರುತ್ತವೆ: "ವೆಂಡರ್ ಬದಲಾವಣೆ. ಖರ್ಚು ಇಳಿಕೆ. ರಾತ್ರಿ ಸಪೋರ್ಟ್. ಆರಂಭದ ರಿಸ್ಕ್." ನಾಲ್ಕು ತುಂಡು. ರಾತ್ರಿ ಸಪೋರ್ಟ್ ಇದೆಯಾ, ಇಲ್ವಾ? ರಿಸ್ಕ್ ಯಾರ ತಲೆಗೆ? ಗೊತ್ತಾಗಲ್ಲ. ಅದನ್ನೇ ವಾಕ್ಯವಾಗಿ ಬರೆದು ನೋಡಿ: "ವೆಂಡರ್ ಬದಲಿಸಿದರೆ ತಿಂಗಳ ಖರ್ಚು ಇಳಿಯುತ್ತದೆ. ಆದರೆ ಹೊಸಬರು ರಾತ್ರಿ ಹತ್ತರ ಮೇಲೆ ಸಪೋರ್ಟ್ ಕೊಡುವುದಿಲ್ಲ. ಹಾಗಾಗಿ ಮೊದಲ ಮೂರು ತಿಂಗಳು ನಮ್ಮವರೇ ಒಬ್ಬರು ರಾತ್ರಿ ಪಾಳಿಯಲ್ಲಿರಬೇಕು. ಅವರ ಭತ್ಯೆಯನ್ನು ಉಳಿತಾಯದಿಂದ ಕಳೆಯಬೇಕು." ಒಂದು "ಆದರೆ", ಒಂದು "ಹಾಗಾಗಿ" ಬರೆದ ಕೂಡಲೇ ಬರೆಯುವವರೇ ಉತ್ತರ ಕೊಡಬೇಕಾಗುತ್ತದೆ. ಬುಲೆಟ್, ಅಂದರೆ ಚುಕ್ಕಿ ಹಾಕಿದ ತುಂಡು ಸಾಲು, ಮಾಡುವಾಗ ಈ ಕೊಂಡಿಗಳೇ ಮೊದಲು ಉದುರುತ್ತವೆ. ಆಮೇಲೆ ಕೇಳುವವರು ತಮಗೆ ಬೇಕಾದ ಹಾಗೆ ಕೊಂಡಿ ಹಾಕಿಕೊಳ್ಳುತ್ತಾರೆ. ನಿಮ್ಮ ಫೈನಾನ್ಸ್‌ನವರು ಮಾಡಿದ್ದೂ ಅದನ್ನೇ.

ಇದು ಆಫೀಸಿನ ಸಣ್ಣ ಕಿರಿಕಿರಿ ಅಂತ ನಾನು ಯಾವತ್ತೂ ಅಂದುಕೊಂಡಿಲ್ಲ. ಅಮೆರಿಕದ ನಾಸಾ ಸಂಸ್ಥೆಯ ಬಾಹ್ಯಾಕಾಶ ನೌಕೆ ಕೊಲಂಬಿಯಾದ ಕಥೆ ಓದಿದವರು ಯಾರೂ ಹಾಗೆ ಅಂದುಕೊಳ್ಳಲಾರರು. 2003ರ ಜನವರಿ 16ರಂದು ನೌಕೆ ಮೇಲೇರಿದ ಸುಮಾರು 82ನೇ ಸೆಕೆಂಡಿಗೆ ಇಂಧನ ಟ್ಯಾಂಕಿನ ಫೋಮ್ ತುಂಡೊಂದು ಕಳಚಿ ಎಡ ರೆಕ್ಕೆಗೆ ಬಡಿಯಿತು. ಒಳಗೆ ಕಲ್ಪನಾ ಚಾವ್ಲಾ ಸೇರಿ ಏಳು ಜನ. ಅವರಿನ್ನೂ ಕಕ್ಷೆಯಲ್ಲಿದ್ದಾಗಲೇ ಬೋಯಿಂಗ್ ಎಂಜಿನಿಯರ್‌ಗಳು ಏಟಿನ ಪರಿಣಾಮವನ್ನು ಲೆಕ್ಕ ಹಾಕಿ ನಾಸಾದವರಿಗೆ ಸ್ಲೈಡ್‌ಗಳಲ್ಲಿ ತೋರಿಸಿದರು. ಒಂದು ಸ್ಲೈಡಿನ ತಲೆಬರಹವಂತೂ ಧೈರ್ಯ ತುಂಬುವ ಹಾಗಿತ್ತು: ಹಿಂದೆ ಫೋಮ್ ಬಡಿಸಿ ಮಾಡಿದ ಪರೀಕ್ಷೆಯ ಅಂಕಿಅಂಶ ನೋಡಿದರೆ ನಮ್ಮ ಅಂದಾಜು ಸುರಕ್ಷಿತ ಬದಿಯಲ್ಲಿದೆ ಅನ್ನುವ ಅರ್ಥದ್ದು. ಅದರ ಕೆಳಗೆ ಬುಲೆಟ್, ಬುಲೆಟ್ ಒಳಗೆ ಇನ್ನೊಂದು ಬುಲೆಟ್. ಅಸಲಿ ಸಂಗತಿ ಕಟ್ಟಕಡೆಯ ಸಾಲಿನಲ್ಲಿ ಸಣ್ಣ ಅಕ್ಷರದಲ್ಲಿತ್ತು. ಪರೀಕ್ಷೆ ಮಾಡಿದ್ದು 3 ಘನ ಇಂಚಿನ ತುಂಡಿನಿಂದ. ಈಗ ಕಳಚಿದ ಜಾಗದ ಫೋಮಿನ ಗಾತ್ರ ಅದೇ ಸ್ಲೈಡಿನ ಪ್ರಕಾರ 1,920 ಘನ ಇಂಚು. 640 ಪಟ್ಟು! ಅಂದರೆ ಆ ಹಳೆಯ ಪರೀಕ್ಷೆಯನ್ನು ನಂಬಿ ಈ ಏಟಿನ ಬಗ್ಗೆ ಏನೂ ಹೇಳುವ ಹಾಗಿಲ್ಲ. ತಲೆಬರಹ ಆಗಬೇಕಿದ್ದ ಮಾತು ತಳ ಸೇರಿತ್ತು.

ಫೆಬ್ರವರಿ 1ರಂದು ವಾಪಸ್ ಬರುವಾಗ ನೌಕೆ ಛಿದ್ರವಾಯಿತು. ಏಳೂ ಜನ ತೀರಿಕೊಂಡರು. ಅದೇ ವರ್ಷ ಆಗಸ್ಟ್‌ನಲ್ಲಿ ಬಂದ ತನಿಖಾ ವರದಿ, ಮಾಹಿತಿಯನ್ನು ಚೆನ್ನಾಗಿ ತೋರಿಸುವುದು ಹೇಗೆ ಅಂತಲೇ ಅಧ್ಯಯನ ಮಾಡಿದ ಎಡ್ವರ್ಡ್ ಟಫ್ಟಿ ಅವರ ವಿಶ್ಲೇಷಣೆಯನ್ನು ಉಲ್ಲೇಖಿಸಿ ಈ ಸ್ಲೈಡನ್ನೇ ಎತ್ತಿ ತೋರಿಸಿತು. ದೊಡ್ಡ ಅಧಿಕಾರಿಯೊಬ್ಬರು ಇದನ್ನು ಓದಿ, ಇದು ಜೀವ ಹೋಗುವ ವಿಷಯ ಅಂತ ತಿಳಿಯದೇ ಹೋಗಬಹುದು ಅಂತ ಬರೆಯಿತು. ತಾಂತ್ರಿಕ ವರದಿಯ ಜಾಗದಲ್ಲಿ ಸ್ಲೈಡ್ ಬಳಸುವ ರೂಢಿಯನ್ನೂ ದೂರಿತು. ಸ್ಲೈಡಿನಿಂದಲೇ ಅಪಘಾತ ಆಯ್ತು ಅನ್ನೋದು ತಪ್ಪು. ರೆಕ್ಕೆ ತೂತಾಗಿದ್ದು ಫೋಮಿನಿಂದ. ಸಂಸ್ಥೆಯೊಳಗೆ ಬೇರೆ ಬೇರೆ ತಪ್ಪುಗಳೂ ಇದ್ದವು. ಆದರೆ ಗೊತ್ತಿದ್ದ ಸಂಗತಿ ಗೊತ್ತಾಗಬೇಕಾದವರಿಗೆ ಮುಟ್ಟಲಿಲ್ಲ, ಅದು ನಿಜ.

ಇನ್ನು "ಯಾರೂ ಓದಲ್ಲ" ಅನ್ನುವ ನಿಮ್ಮ ಕಷ್ಟ. ಇದಕ್ಕೆ ಅಮೆಜಾನ್‌ನಲ್ಲಿ ಒಂದು ದಾರಿ ಕಂಡುಕೊಂಡಿದ್ದಾರೆ. 2004ರ ಜೂನ್‌ನಲ್ಲಿ ಕಂಪನಿಯ ಸ್ಥಾಪಕ ಜೆಫ್ ಬೆಜೋಸ್ ತಮ್ಮ ಹಿರಿಯ ತಂಡದ ಮೀಟಿಂಗ್‌ಗಳಲ್ಲಿ ಪವರ್‌ಪಾಯಿಂಟ್ ಬೇಡ ಅಂತ ಮೇಲ್ ಕಳಿಸಿದರು. 20 ಪುಟದ ಪಿಪಿಟಿಗಿಂತ ಒಳ್ಳೆಯ ನಾಲ್ಕು ಪುಟದ ಬರಹವೇ ಕಷ್ಟ, ಯಾಕಂದ್ರೆ ಯಾವುದು ಮುಖ್ಯ, ಯಾವುದಕ್ಕೆ ಯಾವುದು ಸಂಬಂಧ ಅಂತ ಯೋಚಿಸಲೇಬೇಕಾಗುತ್ತದೆ ಅನ್ನೋದು ಅವರು ಕೊಟ್ಟ ಕಾರಣ. ಮುಂದೆ ಅದು ಆರು ಪುಟದ ಬರಹವಾಗಿ ನೆಲೆಯಾಯಿತು. ಅದನ್ನು ಓದಿಕೊಂಡು ಬನ್ನಿ ಅಂತ ಅವರು ಹೇಳುವುದಿಲ್ಲ. ಮೀಟಿಂಗ್ ಶುರುವಾದ ಮೇಲೆ ಎಲ್ಲರೂ ಅಲ್ಲೇ ಕೂತು ಸದ್ದಿಲ್ಲದೆ ಓದುತ್ತಾರೆ. ಆಮೇಲೆ ಮಾತು. ಷೇರುದಾರರಿಗೆ ಬರೆದ 2017ರ ಪತ್ರದಲ್ಲಿ ಬೆಜೋಸ್ ಇದನ್ನು ವಿವರಿಸಿದ್ದಾರೆ. ಒಳ್ಳೆಯ ಬರಹಕ್ಕೆ ಒಂದು ವಾರವೋ ಅದಕ್ಕಿಂತ ಜಾಸ್ತಿಯೋ ಬೇಕು, ಒಂದೆರಡು ದಿನದಲ್ಲಿ ಆಗಲ್ಲ ಅಂತಲೂ ಹೇಳಿದ್ದಾರೆ. ಅಲ್ಲಿ ಬರಹದ ಮೇಲೆ ಬರೆದವರ ಹೆಸರು ಹಾಕುವ ಪದ್ಧತಿ ಇಲ್ಲ, ಅದು ಇಡೀ ತಂಡದ್ದು. ಇದು ನನಗೆ ತುಂಬ ಇಷ್ಟವಾದ ಸಂಗತಿ. ಜೋರಾಗಿ ಮಾತಾಡುವವರಿಗೂ ಮೆಲ್ಲಗೆ ಮಾತಾಡುವವರಿಗೂ ಎಲ್ಲರೂ ಓದುವ ಆ ಹೊತ್ತಿನಲ್ಲಿ ಒಂದೇ ತೂಕ. ನಿಮ್ಮಂಥವರಿಗೆ ಅದು ಎಷ್ಟು ದೊಡ್ಡ ಅನುಕೂಲ ಅಲ್ವಾ?

ನಿಮ್ಮ ಮ್ಯಾನೇಜರ್ ಜೊತೆ ಪಿಪಿಟಿ ಬೇಡ ಅಂತ ಜಗಳಕ್ಕೆ ಇಳಿಯಬೇಡಿ. ಏಳು ಪುಟವನ್ನು ಎರಡಕ್ಕೆ ಇಳಿಸಿ. ಪ್ರಿಂಟ್ ತೆಗೆದುಕೊಂಡು ಹೋಗಿ, "ಮೊದಲು ಹತ್ತು ನಿಮಿಷ ಎಲ್ಲರೂ ಓದೋಣ, ಆಮೇಲೆ ಸ್ಲೈಡ್ ತೋರಿಸ್ತೀನಿ" ಅಂತ ಕೇಳಿ. ಹತ್ತು ನಿಮಿಷಕ್ಕೆ ಯಾರೂ ಇಲ್ಲ ಅನ್ನಲ್ಲ. ಹಿನ್ನೆಲೆಯಿಂದ ಶುರು ಮಾಡಬೇಡಿ. ನಮ್ಮ ವರದಿಗಳು ಓದಿಸಿಕೊಳ್ಳದೇ ಇರುವುದಕ್ಕೆ ಮುಕ್ಕಾಲು ಪಾಲು ಕಾರಣ ಆ ಮೊದಲ ಪುಟದ ಹಿನ್ನೆಲೆಯೇ. ಯಾವ ತೀರ್ಮಾನ, ಯಾರು, ಯಾವಾಗಿನೊಳಗೆ ತೆಗೆದುಕೊಳ್ಳಬೇಕು ಅನ್ನೋದು ಮೊದಲ ಪ್ಯಾರಾದಲ್ಲೇ ಬರಲಿ. ನಿಮ್ಮ ಸಲಹೆಗೆ ವಿರುದ್ಧವಾದ ಅತಿ ಬಲವಾದ ಮಾತನ್ನು ನೀವೇ ಬರೆಯಿರಿ, ಇನ್ನೊಬ್ಬರು ಎತ್ತುವ ತನಕ ಕಾಯಬೇಡಿ. ಸ್ಲೈಡ್ ಮಾಡಲೇಬೇಕಾದರೆ ತಲೆಬರಹ ಪೂರ್ತಿ ವಾಕ್ಯವಾಗಿರಲಿ. "ರಾತ್ರಿ ಸಪೋರ್ಟ್" ಬೇಡ, "ಹೊಸ ವೆಂಡರ್ ರಾತ್ರಿ ಹತ್ತರ ಮೇಲೆ ಸಪೋರ್ಟ್ ಕೊಡುವುದಿಲ್ಲ" ಅಂತ ಬರಲಿ.

ಇಂಗ್ಲಿಷ್ ಬಗ್ಗೆ: ಮೊದಲ ಕರಡನ್ನು ಕನ್ನಡದಲ್ಲೇ ಬರೆದುಕೊಳ್ಳಿ. ಇಂಗ್ಲಿಷ್‌ನಲ್ಲಿ ನೇರ ಬರೆಯಲು ಹೋದರೆ ಗೊತ್ತಿರುವ ಆಫೀಸ್ ಪದಗಳು ಓಡಿಬಂದು ಜಾಗ ತುಂಬುತ್ತವೆ, ಯೋಚನೆ ಅಲ್ಲಿಗೇ ನಿಲ್ಲುತ್ತದೆ. ಕನ್ನಡದಲ್ಲಿ "ಯಾಕೆ?" ಅಂತ ನಿಮ್ಮನ್ನು ನೀವೇ ಕೇಳಿಕೊಳ್ಳೋದು ಸುಲಭ. ಕೊಂಡಿ ಸರಿ ಕೂತ ಮೇಲೆ ಇಂಗ್ಲಿಷ್‌ಗೆ ತನ್ನಿ. ಸಣ್ಣ ವಾಕ್ಯ ಸಾಕು.

ಪ್ರಶ್ನೆ: ತೀರ್ಥಹಳ್ಳಿ ಕಡೆ ಅಡಿಕೆ ಬೆಳೆಗಾರರಿಗೆ ತರಬೇತಿ ಕೊಡುತ್ತೇನೆ. ಸ್ಲೈಡ್ ತೋರಿಸುವುದನ್ನು ನಿಲ್ಲಿಸಬೇಕಾ?

ಉತ್ತರ: ಖಂಡಿತ ಬೇಡ. ಕೊಳೆರೋಗದ ಕಾಯಿ ಹೇಗಿರುತ್ತದೆ, ಎಲೆಚುಕ್ಕಿ ಹೇಗಿರುತ್ತದೆ ಅನ್ನೋದಕ್ಕೆ ಪುಟಗಟ್ಟಲೆ ಬರೆದರೂ ಒಂದು ಫೋಟೊಗೆ ಸಮ ಆಗಲ್ಲ. ಅಲ್ಲಿ ದೊಡ್ಡ ಪರದೆ, ಕಡಿಮೆ ಅಕ್ಷರ. ಆದರೆ ಕೊಳೆರೋಗ ತಡೆಯಲು ಹೊಡೆಯುವ ಬೋರ್ಡೋ ದ್ರಾವಣದ ವಿಷಯ ಬಂದಾಗ ಚೀಟಿ ಕೊಡಿ. "1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು" ಅಂತ ಸುಮ್ನೆ ಸ್ಲೈಡಿನಲ್ಲಿ ಹಾಕಿದರೆ ಅಳತೆ ಸಿಗುತ್ತದೆ, ಕ್ರಮ ಸಿಗಲ್ಲ. ಎರಡನ್ನೂ ಬೇರೆ ಬೇರೆ ಕರಗಿಸಬೇಕು, ಕಬ್ಬಿಣದ ಪಾತ್ರೆ ಬಳಸಬಾರದು, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಹಾಕಬೇಕು. ಉಜ್ಜಿ ಹೊಳಪು ಮಾಡಿದ ಚಾಕುವನ್ನು ಸ್ವಲ್ಪ ಹೊತ್ತು ಅದ್ದಿ ನೋಡಬೇಕು, ಕೆಂಪು ಬಣ್ಣ ಕೂತರೆ ಇನ್ನಷ್ಟು ಸುಣ್ಣದ ನೀರು ಸೇರಿಸಬೇಕು. ಇದನ್ನೆಲ್ಲ ಪೂರ್ತಿ ವಾಕ್ಯದಲ್ಲಿ, ಒಂದರ ಹಿಂದೆ ಒಂದು ಬರೆದು, ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ ಕೈಗೆ ಕೊಡಿ. ತರಬೇತಿಗೆ ಬಂದವರೇ ಔಷಧಿ ಹೊಡೆಯುತ್ತಾರೆ ಅಂತೇನಿಲ್ಲ. ಮಳೆ ಹಿಡಿಯುವ ಮೊದಲು ತೋಟದಲ್ಲಿ ದ್ರಾವಣ ಕಲಸುವವರು ಬೇರೆಯೇ ಇರಬಹುದು, ಅವರು ನಿಮ್ಮ ಮಾತು ಕೇಳಿರುವುದಿಲ್ಲ.