ಮಾರ್ಚ್ ಆಲಿಕಲ್ಲಿಗೆ ಕೋಲ್ಡ್ ಫ್ರಂಟ್ ಕಾರಣವೇ?

ಬೀದರ್ ಜಿಲ್ಲೆಯ ಭಾಲ್ಕಿ ಕಡೆ ಮಾರ್ಚ್‌ನಲ್ಲಿ ಆಲಿಕಲ್ಲು ಸುರಿದದ್ದಕ್ಕೆ ಕೋಲ್ಡ್ ಫ್ರಂಟ್ (ಬೆಚ್ಚನೆ ಗಾಳಿಯನ್ನು ತಳ್ಳುತ್ತ ಮುನ್ನುಗ್ಗುವ ತಣ್ಣನೆ ಗಾಳಿಯ ಅಂಚು) ಕಾರಣವೆಂದೂ, ಮರುದಿನವೇ ಬಿಸಿಲು ಏರಿತೆಂದೂ ನೀವು ಅಂದಿರಿ. ಆದರೆ ಅದು ಕೋಲ್ಡ್ ಫ್ರಂಟ್ ಆಗಿರಲಾರದು. ಬಂಗಾಳ ಕೊಲ್ಲಿಯ ಹಸಿ ಗಾಳಿಗೆ ವಾಯವ್ಯದ ಒಣ ಗಾಳಿ ಎದುರಾಗಿರುವ ಸಂಭವವೇ ಹೆಚ್ಚು. ಫ್ರಂಟ್‌ಗಳು ಹೆಚ್ಚಾಗಿ ಹುಟ್ಟುವುದು 30ರಿಂದ 60 ಡಿಗ್ರಿ ಅಕ್ಷಾಂಶದ ನಡುವೆ, ಅದೂ ಚಳಿಗಾಲದಲ್ಲಿ ಜೋರಾಗಿ: ಜಪಾನಿನ ಪೂರ್ವಕ್ಕೆ, ಅಮೆರಿಕದ ಪೂರ್ವ ಕರಾವಳಿಯಾಚೆ, ಕೊರೆಯುವ ನೆಲದ ಗಾಳಿ ಬೆಚ್ಚನೆ ಕಡಲ ಗಾಳಿಗೆ ತಾಗುವಲ್ಲಿ. ಬೀದರ್ ಇರುವುದು 18ರ ಆಸುಪಾಸು. ಫ್ರಂಟ್ ದಾಟಿದರೆ ತಂಪು ದಿನಗಟ್ಟಲೆ ನಿಲ್ಲುತ್ತದೆ. ನಿಮ್ಮಲ್ಲಿ ಮರುದಿನವೇ ಬಿಸಿಲು ಏರಿತಲ್ಲ, ಅದು ಫ್ರಂಟ್ ಅಲ್ಲ ಅನ್ನುವುದಕ್ಕೆ ಅದೇ ಗುರುತು.

ಮುಂದಿನ ಸಲ ಹವಾಮಾನ ತೋರಿಸುವ ವಿಂಡಿ ಆ್ಯಪ್‌ನಲ್ಲಿ ಮೊದಲು 1.5 ಕಿ.ಮೀ. ಎತ್ತರದ ಗಾಳಿ ನೋಡಿ. ಎರಡು ದಿಕ್ಕಿನ ಗಾಳಿ ಜಿಲ್ಲೆಯ ಮೇಲೆ ಕೂಡುತ್ತಿದ್ದು, ಡ್ಯೂ ಪಾಯಿಂಟ್ (ಗಾಳಿಯ ತೇವ ಇಬ್ಬನಿಯಾಗುವ ಉಷ್ಣಾಂಶ; ಅದು ಏರಿದಷ್ಟೂ ತೇವ ಹೆಚ್ಚು) ಕೂಡ ಏರುತ್ತಿದ್ದರೆ, ಮಧ್ಯಾಹ್ನದೊಳಗೆ ಜೋಳದ ರಾಶಿಗೆ ತಾಡಪತ್ರಿ ಹೊದಿಸಿ. ಯಾವ ಊರಿಗೆ ಬೀಳುತ್ತದೆಂದು ಆ್ಯಪ್ ಹೇಳಲಾರದು. ಅದಕ್ಕೆ ಹವಾಮಾನ ಇಲಾಖೆಯ ಹೈದರಾಬಾದ್ ರೇಡಾರ್ ಚಿತ್ರವನ್ನೇ ನೋಡುತ್ತಿರಿ.